ತೂಕದ ಮಾತು

"ಪಿಂಚಣಿ ಅಚ್ಚ ಕನ್ನಡ ಪದ ಮೇಷ್ಟ್ರೇ, ಗೊತ್ತಾ ನಿಮಗೆ?"

ಜಗಲಿ ಹತ್ತುವ ಮೊದಲೇ ಶೀನ ಶುರು ಮಾಡಿದ. ದಿನಕ್ಕೊಂದು ಇಂಗ್ಲಿಷ್ ಪದವನ್ನು ಕನ್ನಡಕ್ಕೆ ದತ್ತು ತೆಗೆದುಕೊಳ್ಳದಿದ್ದರೆ ಅವನಿಗೆ ತಿಂಡಿ ಇಳಿಯುವುದಿಲ್ಲ. ನಿನ್ನೆ ಫ್ರಿಜ್ಜು, ಮೊನ್ನೆ ಕಾಫಿ. ಎಲ್ಲ ಫೋನಿಗೆ ಬಂದದ್ದೇ.

ಮೇಷ್ಟ್ರು ಪೇಪರಿನಿಂದ ತಲೆ ಎತ್ತಲಿಲ್ಲ. "ಹೇಳಪ್ಪ."

"ಹಳಗನ್ನಡದಲ್ಲಿ ಪಿನ್ ಅಂದ್ರೆ ಹಿಂದೆ. ಪಿಂತೆ ಅಂತಾರಲ್ಲ, ಅದೇ. ಕೆಲಸ ಮುಗಿದ ಹಿಂದೆ ಬರುವ ಹಣ. ಪಿನ್‌ಹಣ, ಪಿಂಹಣಿ, ಪಿಂಚಣಿ! ಇದನ್ನೇ ರೋಮಿನವರು ಕದ್ದು ಪೆನ್ಷನ್ ಮಾಡಿಕೊಂಡರು."

"ಹಳಗನ್ನಡದಲ್ಲಿ ಹಣ ಎಲ್ಲಿತ್ತೋ? ಆಗ ಹಾಲು ಪಾಲ್, ಹುಲಿ ಪುಲಿ, ಹಣ ಪಣ. ನಿನ್ನ ಪಿನ್ ಹಳೇದು, ಹಣ ಹೊಸದು. ಅಜ್ಜನ ಕಚ್ಚೆಗೆ ಮೊಮ್ಮಗನ ಜೀನ್ಸ್ ಜೋಡಿಸಿ ಹೊಲಿದ ಹಾಗಿದೆ."

"ಹಾಗಾದರೆ ಪಿಂಪಣಿ ಆಗಬೇಕಿತ್ತು," ಎಂದ ಗುಂಡಣ್ಣ, ಕೋಡುಬಳೆ ತಟ್ಟೆಯಿಂದ ಕೈ ತೆಗೆಯದೆ.

"ಹೋಗಲಿ, ನೀವೇ ಹೇಳಿ," ಅಂದುಬಿಟ್ಟ ಶೀನ. ಅನ್ನಬಾರದಿತ್ತು. ಮೇಷ್ಟ್ರು ಪೇಪರ್ ಮಡಚಿದರು.

"ಲ್ಯಾಟಿನ್ನಿನಲ್ಲಿ ಪೆಂಡೆರೆ ಅಂತ ಒಂದು ಮಾತು. ನೇತಾಡೋದೂ ಅದೇ, ತೂಕ ಮಾಡೋದೂ ಅದೇ. ಹಳೇ ರೋಮಿನಲ್ಲಿ ನಾಣ್ಯ ಇರಲಿಲ್ಲ. ಕಂಚಿನ ತುಂಡು ತೂಗಿ ಕೊಡಬೇಕಿತ್ತು. ತೂಗೋದು ಅಂದ್ರೆ ದುಡ್ಡು ಕೊಡೋದು ಅಂತಲೇ ಆಯಿತು. ಆಮೇಲೆ ನಾಣ್ಯ ಬಂತು. ಮಾತು ಮಾತ್ರ ಹಳೇದೇ ಉಳಿಯಿತು. ಅದರಿಂದಲೇ ಪೆನ್ಸಿಯೋ, ಅಂದ್ರೆ ಕೊಡಬೇಕಾದ ದುಡ್ಡು. ಕಂತಿರಬಹುದು, ಬಾಡಿಗೆ ಇರಬಹುದು. ಅದು ಫ್ರೆಂಚಿಗೆ ಹೋಗಿ, ಅಲ್ಲಿಂದ 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಹೋಗಿ, ಇಂಗ್ಲಿಷರ ಜೊತೆ ಹಡಗು ಹತ್ತಿ ಬಂದು ನಮ್ಮ ಬಾಯಲ್ಲಿ ಪಿಂಚಣಿ ಆಯಿತು."

"ಜರ್ಮನಿಯಲ್ಲೂ ಪೆನ್ಷನ್ ಇದೆ ಮೇಷ್ಟ್ರೇ," ಎಂದ ಗುಂಡಣ್ಣ. "ಮಗನ ಮನೆಗೆ ಹೋಗಿದ್ದೆನಲ್ಲ, ಬೀದಿಗೆ ಎರಡು ಮನೆ ಮುಂದೆ ಬೋರ್ಡು. ಎಂಥಾ ದೇಶವಪ್ಪಾ, ಸಂದಿಗೊಂದು ಪೆನ್ಷನ್ ಆಫೀಸು ಅಂದುಕೊಂಡೆ. ಒಳಗೆ ಹೋಗಿ ನನ್ನ ಪೆನ್ಷನ್ನಿನ ಪಿ.ಪಿ.ಓ. ನಂಬರ್ ಹೇಳಿದೆ. ಆ ಹೆಂಗಸು ನಗ್ತಾ ರೂಮಿನ ಬೀಗದ ಕೈ ಕೊಟ್ಟಳು."

"ಸರಿಯಾಗೇ ಕೊಟ್ಟಿದ್ದಾಳೆ. ಊಟ ವಸತಿಗೆ ಕೊಡುವ ದುಡ್ಡಿಗೂ ಅಲ್ಲಿ ಅದೇ ಹೆಸರು. ಬರ್ತಾ ಬರ್ತಾ ಹೆಸರು ಮನೆಗೇ ಅಂಟಿಕೊಂಡಿತು. ಫ್ರಾನ್ಸ್, ಇಟಲಿಯಲ್ಲೂ ಹಾಗೇ. ನಮ್ಮ ಪೆನ್ಷನ್ನಿನಲ್ಲಿ ದುಡ್ಡು ಬರುತ್ತೆ, ಅಲ್ಲಿಯದರಲ್ಲಿ ಹೋಗುತ್ತೆ."

"ನಮ್ಮದೂ ಸುಮ್ನೆ ಬರಲ್ಲ ಬಿಡಿ. ನವೆಂಬರ್ ಬಂದರೆ ಬದುಕಿದ್ದೀವಿ ಅಂತ ತೋರಿಸಬೇಕು. ಹೋದ ಸಲ ನನ್ನ ಹೆಬ್ಬೆರಳೇ ಒಪ್ಪಲಿಲ್ಲ. ನಾಲ್ಕು ಸಲ ಒತ್ತಿದೆ. ನನಗೇ ಅನುಮಾನ ಬಂತು."

ಶೀನನಿಗೆ ಈ ಮುದುಕರ ಗೋಳು ಬೇಕಿರಲಿಲ್ಲ. "ಏನೇ ಆಗಲಿ, ಗೌರವದ ಮಾತು ಅಲ್ವಾ?"

"ಸ್ಯಾಮ್ಯುಯೆಲ್ ಜಾನ್ಸನ್‌ನನ್ನು ಕೇಳು. 1755ರಲ್ಲಿ ಇಂಗ್ಲಿಷಿಗೆ ದೊಡ್ಡ ನಿಘಂಟು ಮಾಡಿದ. ಪೆನ್ಷನ್ ಅನ್ನೋ ಕಡೆ ಏನು ಬರೆದ ಗೊತ್ತಾ? ಸರ್ಕಾರದ ಬಾಡಿಗೆ ಬಂಟನಿಗೆ ದೇಶದ್ರೋಹಕ್ಕಾಗಿ ಕೊಡುವ ಕೂಲಿ ಅಂತ. ಏಳು ವರ್ಷ ಆದ ಮೇಲೆ ಮೂರನೇ ಜಾರ್ಜ್ ದೊರೆ ಅವನಿಗೇ ವರ್ಷಕ್ಕೆ 300 ಪೌಂಡ್ ಪೆನ್ಷನ್ ಕೊಟ್ಟ."

"ಬೇಡ ಅಂದನಾ?"

"ನಿಘಂಟು ಬರೆದವನು ಕಣೋ, ದಡ್ಡ ಅಲ್ಲ." ಮೇಷ್ಟ್ರು ಕೋಡುಬಳೆಗೆ ಕೈ ಚಾಚಿದರು. ಒಂದೇ ಉಳಿದಿತ್ತು. "ಆ ಪೌಂಡೂ ಅದೇ ಮನೆತನದ್ದು. ಲಿಬ್ರಾ ಪೊಂಡೋ ಅನ್ನುತ್ತಿದ್ದರು, ತೂಕದಲ್ಲಿ ಒಂದು ಲಿಬ್ರಾ ಅಂತ. ಪೊಂಡೋ ಇಂಗ್ಲಿಷರ ಬಾಯಿಗೆ ಹೋಯಿತು. ಲಿಬ್ರಾ ಬರವಣಿಗೆಗೆ. ಪೌಂಡಿನ ಗುರುತು ನೋಡು, ಅಡ್ಡಗೆರೆ ಎಳೆಸಿಕೊಂಡ ಎಲ್. ಅದು ಲಿಬ್ರಾದ ಎಲ್."

"ಇಷ್ಟೆಲ್ಲ ಸರಿ ಅಂತ ಯಾರು ಹೇಳಿದರು? ನಿಮ್ಮ ಪಂಡಿತರು ತಪ್ಪು ಮಾಡಲ್ವಾ?"

"ಮಾಡ್ತಾರೆ. ನಿನ್ನಂಥವರು ಫ್ರಾನ್ಸಿನಲ್ಲೂ ಇದ್ದರು. ಅಲ್ಲಿ ತೂಕಕ್ಕೆ ಪ್ವಾ ಅಂತಾರೆ. ಅದು ಪೆಂಡೆರೆಯ ಮನೆಯ ಪೆನ್ಸುಮ್‌ನಿಂದ ಬಂದದ್ದು. ಪಂಡಿತರು ತೂಕಕ್ಕಿರುವ ಇನ್ನೊಂದು ಲ್ಯಾಟಿನ್ ಮಾತು ಪೊಂಡುಸ್‌ನಿಂದಲೇ ಬಂದಿದೆ ಅಂದುಕೊಂಡು ಮಧ್ಯೆ ಒಂದು ಡಿ ತುರುಕಿದರು. ಆ ಡಿ ಯಾರ ಬಾಯಲ್ಲೂ ಬರಲ್ಲ. ಆದರೂ ಅಲ್ಲಿನ ಮಕ್ಕಳು ಇವತ್ತಿಗೂ ಬರೀಬೇಕು, ಬಿಟ್ಟರೆ ಮಾರ್ಕು ಹೋಯಿತು. ಎಷ್ಟೋ ತಲೆಮಾರಿನ ಹಿಂದಿನ ಫಾರ್ವರ್ಡ್ ಮೆಸೇಜು ಕಣೋ ಅದು. ಡಿಲೀಟ್ ಮಾಡೋಕಾಗ್ತಿಲ್ಲ."

ಶೀನನ ಮುಖ ಅರಳಿತು. "ಹಾಗಾದ್ರೆ ನನ್ನ ಪಿನ್‌ಹಣಕ್ಕೂ ಕಾಲ ಬರುತ್ತೆ ಅನ್ನಿ."

"ಅಷ್ಟು ಹೊತ್ತಿಗೆ ನಾನಿರಲ್ಲ, ಪುಣ್ಯ. ಇನ್ನೊಂದು ಕೇಳು. ತೂಗೋ ಮಾತಿನಿಂದಲೇ ಯೋಚನೆಯೂ ಹುಟ್ಟಿತು. ಸ್ಪ್ಯಾನಿಷಿನಲ್ಲಿ ಪೆಸಾರ್ ಅಂದ್ರೆ ತೂಗು, ಪೆನ್ಸಾರ್ ಅಂದ್ರೆ ಯೋಚನೆ ಮಾಡು. ಪೆಸೋ ಅನ್ನೋ ನಾಣ್ಯವೂ ಅಲ್ಲಿಯದೇ."

"ನಾವೂ ತೂಗಿ ನೋಡು ಅಂತೀವಲ್ಲ!" ಶೀನ ಎದ್ದೇ ನಿಂತ. "ತೂಗೋದು ಅಂದ್ರೆ ತಕ್ಕಡೀಲೂ ತೂಗೋದು, ಯೋಚನೇನೂ ಮಾಡೋದು. ನೇತಾಡೋ ಉಯ್ಯಾಲೆಗೂ ತೂಗುಯ್ಯಾಲೆ ಅಂತೀವಿ. ಮೂರೂ ಇದೆ!"

ಮೇಷ್ಟ್ರ ಕೈಯಲ್ಲಿದ್ದ ಕೋಡುಬಳೆ ಅರ್ಧಕ್ಕೇ ನಿಂತಿತು. ಇದು ಅವರಿಗೂ ಹೊಳೆದಿರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದವರು.

"ಅಂದ್ಮೇಲೆ ರೋಮಿನವರು ಕನ್ನಡದವರೇ!"

"ಥತ್. ಹುಟ್ಟಿದ ಮೇಲೆ ಒಂದು ಸರಿಯಾದ ಮಾತು ಆಡಿದೆ, ಅದನ್ನೂ ಕೆಡಿಸಿದೆ. ತಕ್ಕಡಿ ನೇತುಹಾಕಿದ ಊರಲ್ಲೆಲ್ಲ ಆ ಮಾತು ತಾನಾಗಿ ಹುಟ್ಟುತ್ತೆ. ನಿಮ್ಮಪ್ಪನೂ ಗೊರಕೆ ಹೊಡೀತಿದ್ದರು, ನಮ್ಮಪ್ಪನೂ ಹೊಡೀತಿದ್ದರು. ಅಷ್ಟಕ್ಕೇ ನಾವಿಬ್ಬರೂ ಅಣ್ಣ ತಮ್ಮನಾ?"

"ಹಳೇ ಪೇಪರ್, ಖಾಲಿ ಸೀಸಾ..." ಬೀದಿಯಲ್ಲಿ ಕೂಗು ಕೇಳಿತು. ಪದ್ಮಮ್ಮ ಕಾಯುತ್ತಿದ್ದವರ ಹಾಗೆ ಒಳಗಿನಿಂದ ಒಂದೊಂದೇ ಕಟ್ಟು ತಂದು ಹಾಕಿದರು. ರದ್ದಿಯವನು ಸೀಬೆ ಮರದ ಕೊಂಬೆಗೆ ಕೊಕ್ಕೆಯ ತಕ್ಕಡಿ ನೇತುಹಾಕಿದ. ತೂಗಿದ. ಜೇಬಿಗೆ ಕೈ ಹಾಕಿ ದುಡ್ಡು ಎಣಿಸಿದ.

"ನಿಮ್ಮ ಲ್ಯಾಟಿನ್ನು ಗೇಟಿಗೇ ಬಂತಲ್ಲ ಮೇಷ್ಟ್ರೇ," ಎಂದು ಗುಂಡಣ್ಣ ನಕ್ಕ. ಮೇಷ್ಟ್ರು ನಗಲಿಲ್ಲ. ಕೊನೆಯ ಕಟ್ಟಿನ ಮೇಲೆ ಅವರ ದಪ್ಪ ಇಂಗ್ಲಿಷ್ ನಿಘಂಟು ಇತ್ತು. ರಟ್ಟು ಬಿಟ್ಟಿತ್ತು. ಬೆನ್ನಿಗೆ ಹಾಕಿದ ಬಟ್ಟೆ ಪಟ್ಟಿ, ಪದ್ಮಮ್ಮನ ಹಳೇ ಲಂಗದ್ದು, ಇನ್ನೂ ಗಟ್ಟಿಯಾಗಿತ್ತು.

"ಈಗ ಎಲ್ಲ ಫೋನಲ್ಲೇ ನೋಡ್ತೀರಲ್ಲ, ಅದಕ್ಕೇ ಹಾಕಿದೆ," ಎಂದರು ಪದ್ಮಮ್ಮ.

"ಒಳ್ಳೇ ತೂಕ ಬರುತ್ತೆ ಸಾರ್," ಎಂದ ರದ್ದಿಯವನು. ಕೊಕ್ಕೆಗೆ ಸಿಕ್ಕಿಸಿ ಮುಳ್ಳು ನೋಡಿದ. "ಎರಡೂಕಾಲು ಕೆಜಿ. ಇಪ್ಪತ್ತೇಳು ರೂಪಾಯಿ."

ಮೇಷ್ಟ್ರು ಎದ್ದು ಹೋಗಿ ಪುಸ್ತಕವನ್ನು ಕೊಕ್ಕೆಯಿಂದ ಬಿಡಿಸಿದರು. "ಇದು ಬೇಡಪ್ಪ."

"ಯಾಕೆ ಮೇಷ್ಟ್ರೇ?" ಎಂದ ಶೀನ.

"ತೂಗಿ ನೋಡಿದೆ."

"ಪ್ರತಿ ಸಲವೂ ಇದೇ," ಎನ್ನುತ್ತಾ ಪದ್ಮಮ್ಮ ಕೋಡುಬಳೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು.