ಪದಚರ್ಚೆ: ಡ್ರ್ಯಾಗನ್‌ಫ್ಲೈಗೆ ಒಂದು, ಡ್ಯಾಮ್ಸೆಲ್‌ಫ್ಲೈಗೆ ಒಂದು ಹೆಸರು (ಕೆರೆದಂಡೆಯ ಹಲಗೆಗೆ, ತುರ್ತು)

ವಿಜಯಪುರದಿಂದ

ಕೆರೆಯ ದಂಡೆಯಲ್ಲಿ ನಿಲ್ಲಿಸುವ ಹಲಗೆ ನಾಳೆ ಅಚ್ಚಿಗೆ ಹೋಗಬೇಕು. ಎರಡು ತಲೆಬರಹ ಬೇಕು: ಡ್ರ್ಯಾಗನ್‌ಫ್ಲೈ, ಡ್ಯಾಮ್ಸೆಲ್‌ಫ್ಲೈ. ನಮ್ಮ ಕಡೆ ಎರಡನ್ನೂ ವಿಮಾನದ ಹುಳ ಅಂತಲೇ ಕರೀತಾರೆ. ಕರಡಿನಲ್ಲಿ ‘ಏರೋಪ್ಲೇನ್ ಚಿಟ್ಟೆ’, ‘ಸಣ್ಣ ಏರೋಪ್ಲೇನ್ ಚಿಟ್ಟೆ’ ಎಂದಿದೆ. ರೆಕ್ಕೆಯ ಮುಂದಂಚಿನಲ್ಲಿ ತುದಿಯ ಹತ್ತಿರ ಬಣ್ಣ ತುಂಬಿದ ಪುಟ್ಟ ಮನೆ ಇರುತ್ತದಲ್ಲ, ಟೆರೋಸ್ಟಿಗ್ಮಾ, ಅದಕ್ಕೂ ಒಂದು ಪದ ಕೊಡಿ. ಓದುವವರು ಶಾಲೆಯ ಮಕ್ಕಳು.

ಬಾಗಲಕೋಟೆಯಿಂದ

ಚಿಟ್ಟೆ ಬೇಡ. ಮುಟ್ಟಿದರೆ ಕೈಗೆ ಹುಡಿ ಅಂಟುವುದು ಚಿಟ್ಟೆಯ ರೆಕ್ಕೆ. ಇವುಗಳ ರೆಕ್ಕೆಯಲ್ಲಿ ಹುಡಿಯಿಲ್ಲ. ಇವು ಕೋಶವನ್ನೂ ಕಟ್ಟುವುದಿಲ್ಲ, ನೀರಿನಲ್ಲಿ ಬೆಳೆದ ಮರಿ ಮೇಲೆ ಬಂದು ಪೊರೆ ಬಿಟ್ಟು ನೇರವಾಗಿ ಹಾರುತ್ತದೆ. ‘ಸಣ್ಣ’ ಎಂಬುದು ಇನ್ನೂ ತಪ್ಪು. ನೆಲಕ್ಕೆ ಅಂಟಿಕೊಂಡು ಕೂರುವ ಗ್ರೌಂಡ್ ಸ್ಕಿಮ್ಮರ್ ಡ್ರ್ಯಾಗನ್‌ಫ್ಲೈ, ಉದ್ದ ಸುಮಾರು 3 ಸೆಂ.ಮೀ. ಹಳದಿ ಹೊಟ್ಟೆಯ ಕೊರಮಂಡಲ್ ಮಾರ್ಷ್ ಡಾರ್ಟ್ ಡ್ಯಾಮ್ಸೆಲ್‌ಫ್ಲೈ, ಅದಕ್ಕಿಂತ ಉದ್ದ.

ಬರಹದಲ್ಲಿ ಡ್ರ್ಯಾಗನ್‌ಫ್ಲೈಗೆ ‘ಕೊಡತಿಕೀಟ’ ಆಗಲೇ ಇದೆ. ಹೆಂಟೆ ಒಡೆಯುವ ಮರದ ಸುತ್ತಿಗೆಗೆ ಕೊಡತಿ ಅನ್ನುವುದು ನಮ್ಮ ಹೊಲದ ಮಾತು, ಹಳೆಯ ರೂಪ ಕೊಡಂತಿ. ಅದನ್ನೇ ಹಾಕಿ. ಟೆರೋಸ್ಟಿಗ್ಮಾಕ್ಕೆ ‘ರೆಕ್ಕೆಬೊಟ್ಟು’ ಸಾಕು.

ಬೆಳಗಾವಿಯಿಂದ

ರೆಕ್ಕೆಬೊಟ್ಟು ಚೆನ್ನಾಗಿದೆ. ಕೊಡತಿ ಮಾತ್ರ ಉಲ್ಟಾ ಆಯಿತು ಸರ. ಕೊಡತಿಯ ತಲೆ ಹಿಡಿಕೆಗೆ ಅಡ್ಡ ನಿಲ್ಲುತ್ತದೆ. ಕಣ್ಣು ಎರಡೂ ತುದಿಗೆ ಸರಿದು ತಲೆ ಅಡ್ಡಕ್ಕೆ ಚಾಚಿದಂತೆ ಕಾಣುವುದು ಡ್ಯಾಮ್ಸೆಲ್‌ಫ್ಲೈಯಲ್ಲಿ. ಡ್ರ್ಯಾಗನ್‌ಫ್ಲೈಗಳಲ್ಲಿ ಹೆಚ್ಚಿನವಕ್ಕೆ ಕಣ್ಣು ನೆತ್ತಿಯ ಮೇಲೆ ಒಂದಕ್ಕೊಂದು ತಾಗಿ ತಲೆ ದುಂಡಗಾಗಿರುತ್ತದೆ. ಹೆಸರು ಓದಿ ಕೊಡತಿಯ ಆಕಾರ ಹುಡುಕುವ ಹುಡುಗ ತಪ್ಪು ಹುಳ ತೋರಿಸುತ್ತಾನೆ.

ಮರಾಠಿಯಲ್ಲಿ ಇವಕ್ಕೆ ಚತುರ, ಟಾಚಣಿ ಎಂಬ ಎರಡು ಹೆಸರು ನೆಲೆಯಾಗಿವೆ. ಕಾಗದಕ್ಕೆ ಚುಚ್ಚುವ ಪಿನ್ನಿಗೆ ಟಾಚಣಿ ಎನ್ನುವುದು ನಮ್ಮ ಕನ್ನಡದಲ್ಲೂ ಇದೆ. ‘ಟಾಚಣಿ ಹುಳ’ ಅಂದರೆ ಸಪೂರ ಮೈ ಕಣ್ಣಿಗೆ ಕಟ್ಟುತ್ತದೆ.

ಜಮಖಂಡಿಯಿಂದ

ಸಾಲ ತರುವ ಅಗತ್ಯವೇ ಇಲ್ಲ. ತಮಿಳು, ಮಲಯಾಳಂ ಎರಡರಲ್ಲೂ ಇದು ‘ತುಂಬಿ’. ಡ್ಯಾಮ್ಸೆಲ್‌ಫ್ಲೈ ತಮಿಳಿನಲ್ಲಿ ಊಸಿತ್ತುಂಬಿ, ಮಲಯಾಳಂನಲ್ಲಿ ಸೂಚಿತ್ತುಂಬಿ. ತುಂಬಿ ನಮ್ಮದೂ ಹೌದು. ಡ್ರ್ಯಾಗನ್‌ಫ್ಲೈ ತುಂಬಿ, ಇನ್ನೊಂದು ಸೂಜಿತುಂಬಿ. ಚರ್ಚೆ ಮುಗಿಯಿತು.

ಬೆಳಗಾವಿಯಿಂದ

ಮುಗಿದಿಲ್ಲ. ಕನ್ನಡದಲ್ಲಿ ತುಂಬಿ, ದುಂಬಿ ಅಂದರೆ ಹೂವಿಗೆ ಬರುವ ಕರಿ ಹುಳ. ಹಳಗನ್ನಡದಿಂದ ಇವತ್ತಿನವರೆಗೆ ಆ ಅರ್ಥ ಬದಲಾಗಿಲ್ಲ. ನಮ್ಮಲ್ಲೇ ಬೇರೆ ಅರ್ಥಕ್ಕೆ ನಿಂತ ಪದವನ್ನು ಪಕ್ಕದ ನುಡಿಯ ಅರ್ಥಕ್ಕೆ ಎಳೆದರೆ ಅದೂ ಸಾಲವೇ. ಸೂಜಿ ಕೂಡ ಸಂಸ್ಕೃತದ ಸೂಚಿಯಿಂದ ಬಂದದ್ದು. ಸಂಸ್ಕೃತದಿಂದ ತಂದರೆ ಅಚ್ಚಗನ್ನಡ, ಮರಾಠಿಯಿಂದ ತಂದರೆ ಸಾಲ, ಇದೆಂಥ ಲೆಕ್ಕ?

ಜಮಖಂಡಿಯಿಂದ

ಸೂಜಿ ತದ್ಭವವಾಗಿ ಮನೆಮಾತಾದ ಪದ, ಕನ್ನಡ ಓದುವ ಪ್ರತಿ ಮಗುವಿಗೂ ಗೊತ್ತು. ಟಾಚಣಿ ತುಂಗಭದ್ರೆ ದಾಟಿದರೆ ಯಾರಿಗೂ ತಿಳಿಯದು. ಹಲಗೆ ನಿಮ್ಮ ತಾಲ್ಲೂಕಿಗೆ ಮಾತ್ರ ಅಲ್ಲ.

ಗೋಕಾಕದಿಂದ

ಹೆಸರಿನ ಜಗಳದಲ್ಲಿ ಹಲಗೆಯ ಮುಖ್ಯ ಕೆಲಸವೇ ಹಿಂದೆ ಬಿತ್ತು. ದಂಡೆಯಲ್ಲಿ ನಿಂತ ಮಗು ಏನನ್ನು ನೋಡಬೇಕು ಅಂತ ಹೇಳಿ. ಮೊದಲು ಕಣ್ಣು. ಆಮೇಲೆ ರೆಕ್ಕೆಯ ಬುಡ: ಹಿಂದಿನ ರೆಕ್ಕೆ ಬುಡದಲ್ಲಿ ಮುಂದಿನದಕ್ಕಿಂತ ಅಗಲವಾಗಿದ್ದರೆ ಡ್ರ್ಯಾಗನ್‌ಫ್ಲೈ. ನಾಲ್ಕೂ ಒಂದೇ ಆಕಾರದಲ್ಲಿದ್ದು ಬುಡ ತೊಟ್ಟಿನಂತೆ ಕಿರಿದಾಗಿದ್ದರೆ ಡ್ಯಾಮ್ಸೆಲ್‌ಫ್ಲೈ. ಕೂತ ಭಂಗಿ, ಅಂದರೆ ರೆಕ್ಕೆ ಬಿಚ್ಚಿದೆಯೋ ಮಡಚಿದೆಯೋ ಅನ್ನುವುದು, ಕೊನೆಗೆ ನೋಡಬೇಕು.

ಈ ಕ್ರಮಕ್ಕೆ ಕಾರಣವಿದೆ. ಆಲಮಟ್ಟಿ ಹಿನ್ನೀರಿನಂಥ ಕಡೆ ಒಣಕಡ್ಡಿಯ ತುದಿಯಲ್ಲಿ ಕೂರುವ ಕಾಮನ್ ಕ್ಲಬ್‌ಟೇಲ್‌ಗೆ ಕಣ್ಣು ತಾಗುವುದಿಲ್ಲ, ಆದರೂ ಅದು ಡ್ರ್ಯಾಗನ್‌ಫ್ಲೈ. ಅಲ್ಲಿ ರೆಕ್ಕೆಯ ಬುಡ ಕೈಹಿಡಿಯುತ್ತದೆ. ಲೆಸ್ಟಿಸ್ ಗುಂಪಿನ ಡ್ಯಾಮ್ಸೆಲ್‌ಫ್ಲೈಗಳು ರೆಕ್ಕೆಯನ್ನು ಅರ್ಧ ತೆರೆದೇ ಕೂರುತ್ತವೆ. ಭಂಗಿ ಒಂದನ್ನೇ ನಂಬಿದವರು ಅಲ್ಲಿ ಎಡವುತ್ತಾರೆ.

ಬಣ್ಣದ ಮೇಲೆ ಜಾತಿ ಹೇಳಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರೆಸಿ. ಬಲಿತ ಗಂಡು ರಡ್ಡಿ ಮಾರ್ಷ್ ಸ್ಕಿಮ್ಮರ್ ಕಡುಗೆಂಪು, ಎಳೆಯ ಗಂಡು ಹೆಣ್ಣಿನ ಹಾಗೆ ಹಳದಿ. ಕೆಲವು ಜಾತಿಗಳಲ್ಲಿ ವಯಸ್ಸಾದ ಗಂಡಿನ ಮೈಮೇಲೆ ಬೂದಿ ಬಳಿದಂತೆ ತಿಳಿನೀಲಿ ಪುಡಿ ಬಂದು ಮೊದಲಿನ ಗುರುತೇ ಮುಚ್ಚಿಹೋಗುತ್ತದೆ. ಗಂಡೋ ಹೆಣ್ಣೋ ತಿಳಿಯಲು ಪಕ್ಕದಿಂದ ಹೊಟ್ಟೆಯ ಎರಡನೇ ಖಂಡದ ಅಡಿ ನೋಡಬೇಕು, ಗಂಡಿಗೆ ಅಲ್ಲಿ ಉಬ್ಬು ಇರುತ್ತದೆ. ‘ಬಾಲ’ ಅಂತ ಬರೆಯಬೇಡಿ, ಅದು ಹತ್ತು ಖಂಡಗಳ ಹೊಟ್ಟೆ. ಫೋಟೊ ತೆಗೆಯುವವರು ಮೇಲಿನಿಂದ ಒಂದು, ಪಕ್ಕದಿಂದ ಒಂದು, ಹೊಟ್ಟೆಯ ತುದಿಯದು ಹತ್ತಿರದಿಂದ ಒಂದು ತೆಗೆಯಲಿ. ಮೇಲಿನ ಚಿತ್ರ ಒಂದರಿಂದ ಬಹಳ ಜಾತಿ ತೀರ್ಮಾನವಾಗುವುದಿಲ್ಲ.

ಚರಂಡಿ ನೀರು ಸೇರುವ ಮೂಲೆಯಲ್ಲಿ ಕಿತ್ತಳೆ ರೆಕ್ಕೆಯ ಡಿಚ್ ಜ್ಯುವೆಲ್ ಬಿಟ್ಟು ಬೇರೇನೂ ಹೆಚ್ಚು ಕಾಣದಿದ್ದರೆ ಅದನ್ನೂ ಹಲಗೆಯಲ್ಲಿ ಹೇಳಿ. ಕೊಳಕು ನೀರನ್ನು ಸಹಿಸುವ ಜಾತಿ ಅದು.

ಬಾಗಲಕೋಟೆಯಿಂದ

ಗುರುತುಗಳೆಲ್ಲ ಒಪ್ಪಿದೆ. ಕೊಡತಿಕೀಟ ಬಿಡಬಾರದು ಅನ್ನುವುದನ್ನು ನಾನು ಬಿಡುವುದಿಲ್ಲ. ಬರಹದಲ್ಲಿ ನಿಂತ ಪದ ತೆಗೆದರೆ ನಾಳೆ ಪುಸ್ತಕ ತೆರೆದ ಮಗು ಹೊಸ ಹುಳ ಅಂದುಕೊಳ್ಳುತ್ತದೆ.

ವಿಜಯಪುರದಿಂದ

ಎಲ್ಲರಿಗೂ ಶರಣು. ಅಚ್ಚಿಗೆ ಹೋಗುವ ಸಾಲುಗಳು ಇವು: ‘ಕೊಡತಿಕೀಟ (ವಿಮಾನದ ಹುಳ): ಕಣ್ಣು ನೆತ್ತಿಯಲ್ಲಿ ತಾಗಿರುತ್ತವೆ, ರೆಕ್ಕೆ ಬಿಚ್ಚಿ ಕೂರುತ್ತದೆ. ಸೂಜಿಕೀಟ: ಕಣ್ಣು ದೂರ ದೂರ, ರೆಕ್ಕೆ ಮಡಚಿ ಕೂರುತ್ತದೆ.’ ತುಂಬಿಯನ್ನೂ ಟಾಚಣಿಯನ್ನೂ ಬಿಟ್ಟಿದ್ದೇನೆ, ಮಕ್ಕಳಿಗೆ ಸೂಜಿ ತಕ್ಷಣ ತಿಳಿಯುತ್ತದೆ.

ಗೋಕಾಕದಿಂದ

ಎರಡೂ ಸಾಲಿಗೆ ‘ಸಾಮಾನ್ಯವಾಗಿ’ ಸೇರಿಸಿ. ಕ್ಲಬ್‌ಟೇಲ್, ಲೆಸ್ಟಿಸ್ ಎರಡೂ ಆ ಸಾಲುಗಳನ್ನು ಸುಳ್ಳು ಮಾಡುತ್ತವೆ. ರೆಕ್ಕೆಯ ಬುಡದ ಗುರುತು ಬಿಟ್ಟುಹೋಗಿದೆ, ಅದು ಇಲ್ಲದೆ ಅಚ್ಚಿಗೆ ಕೊಡಬೇಡಿ.