ಅಪ್‌ಡೇಟ್: ಕಂಡೆನ್ಸರ್‌ಗೆ ಫಿನ್ ಇರುವ ಕೊಳವೆ ಹಾಕಿಸಿದ ಮೇಲೆ

ನಮ್ಮ ಚಿಲ್ಲರ್‌ನ (ತಂಪು ಮಾಡುವ ಯಂತ್ರದ) ಕಂಡೆನ್ಸರ್‌ನಲ್ಲಿದ್ದ, ಅಂದರೆ ಬಿಸಿ ಅನಿಲವನ್ನು ತಣಿಸಿ ದ್ರವವಾಗಿಸುವ ಭಾಗದಲ್ಲಿದ್ದ, ನುಣುಪಾದ ತಾಮ್ರದ ಕೊಳವೆಗಳ ಬದಲು ಒಳಮೈಯಲ್ಲಿ ಏಣುಗಳಿರುವ ಕೊಳವೆ ಹಾಕಬಹುದೇ ಎಂದು ಹಿಂದೆ ಕೇಳಿದ್ದೆ. ಕೊಳವೆಯೊಳಗೆ ಹರಿಯುವ ನೀರಿನ ಕಡೆಗಿಂತ, ಹೊರಗೆ ದ್ರವವಾಗುವ ಆರ್-134ಎ (ತಂಪು ಮಾಡಲು ಬಳಸುವ ಅನಿಲ) ಕಡೆಯೇ ಶಾಖದ ಹರಿವಿಗೆ ಹೆಚ್ಚು ತಡೆಯಿರುವುದರಿಂದ ಮೊದಲು ಹೊರಮೈಯನ್ನು ಹೆಚ್ಚಿಸಿ ಎಂದು ನೀವು ತಿಳಿಸಿದ್ದು ಸರಿಯಾಗಿತ್ತು. ಇಂಚಿಗೆ 26 ಫಿನ್‌ಗಳು, ಅಂದರೆ ಹೊರಮೈಯಲ್ಲಿ ತೆಳುವಾದ ಏಣುಗಳು ಇರುವ, ಹೊರಮೈ ಸುಮಾರು 3 ಪಟ್ಟಾಗುವ ಕೊಳವೆಗಳನ್ನೇ ಹಾಕಿಸಿದೆವು. ಈಗ ಪೂರ್ಣ ಲೋಡ್‌ನಲ್ಲಿ ಅನಿಲ ದ್ರವವಾಗುವ ತಾಪಮಾನಕ್ಕೂ ಹೊರಬರುವ ನೀರಿನ ತಾಪಮಾನಕ್ಕೂ ಇರುವ ಅಂತರ 5 ಡಿಗ್ರಿಯಿಂದ 2ಕ್ಕೆ ಇಳಿದಿದೆ. ಆದರೆ ಕತ್ತರಿಸಿ ನೋಡಿದ ಹಳೆಯ ಕೊಳವೆಯೊಂದರ ಒಳಗೆ ಉಗುರಿನಿಂದ ಕೆರೆದರೂ ಏಳದ ಸುಣ್ಣದ ಪದರವಿತ್ತು. ಅದು ಹೋದದ್ದಕ್ಕೂ ಈ ಇಳಿಕೆಯಲ್ಲಿ ಪಾಲಿದೆ, ಎಲ್ಲವನ್ನೂ ಫಿನ್‌ಗಳ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ನಮ್ಮ ಬೋರ್‌ವೆಲ್ ನೀರು ಗಡಸಾದ್ದರಿಂದ, ಬ್ರಷ್ ಹಾಕಿ ಉಜ್ಜಲು ಅನುಕೂಲವಾಗಲೆಂದು ಒಳಮೈಯನ್ನು ನುಣುಪಾಗಿಯೇ ಉಳಿಸಿಕೊಂಡಿದ್ದೇವೆ.