ಮಂಗನ ಕಾಯಿಲೆಯ ಕಂಪ್ಯೂಟರ್ ನಕ್ಷೆ ನಂಬಿ ನನ್ನ ಎರಡು ಗಿಡ್ಡ ದನ ಮಾರಬೇಕಾ?

ತೋಟದಮನೆ ಅಕ್ಕ, ಸಿದ್ದಾಪುರ ತಾಲೂಕು, ಉತ್ತರ ಕನ್ನಡ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಸಿದ್ದಾಪುರದಿಂದ ಒಳಗಿನ ಊರು. ಒಂದೂಕಾಲು ಎಕರೆ ಅಡಿಕೆ ತೋಟ, ತೋಟದ ಬೇಲಿ ದಾಟಿದರೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು, ಎಲೆ ತರುವ ಕಾಡು), ಕೊಟ್ಟಿಗೆಯಲ್ಲಿ ಎರಡು ಮಲೆನಾಡು ಗಿಡ್ಡ. ಮನೆಯಲ್ಲಿ ನಾನು ಮತ್ತು ಯಜಮಾನರು, ಇಬ್ಬರೇ. ಮಗ ಬೆಂಗಳೂರಲ್ಲಿದ್ದಾನೆ. ಕಳೆದ ವಾರ ವಾಟ್ಸಾಪಿಗೆ ಒಂದು ಸಂಶೋಧನಾ ಲೇಖನ ಕಳಿಸಿದ. ಮಂಗನ ಕಾಯಿಲೆಯದ್ದು, 2020ರಲ್ಲಿ ಬಂದಿದ್ದು. ಅದರ ಕೆಳಗೆ ಒಂದೇ ಸಾಲು: "ಅಮ್ಮಾ, ಇದನ್ನ ಓದು. ದನ ಮಾರಿಬಿಡಿ, ಬೆಟ್ಟಕ್ಕೆ ಹೋಗೋದು ನಿಲ್ಸಿ."

ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಕನ್ನಡ ಮಾಡಿಕೊಡು ಅಂತ ಫೋನಿಗೇ ಹೇಳಿದೆ. ಅದು 'ಟಿಕ್' ಅನ್ನುವುದನ್ನು ಮೇಷ್ಟ್ರು ಪಟ್ಟಿಯಲ್ಲಿ ಹಾಕುವ ಗುರುತು ಅಂದುಕೊಂಡು 'ಸರಿ ಗುರುತಿನಿಂದ ಹರಡುವ ಜ್ವರ' ಅಂತ ಬರೆಯಿತು. ಟಿಕ್ ಅಂದರೆ ಉಣುಗು, ಮೈಗೆ ಹತ್ತಿ ರಕ್ತ ಕುಡಿಯುವ ಉಣ್ಣಿ, ಈ ಜ್ವರ ಹರಡುವುದೇ ಅದು; ಆ ಪದ ಫೋನಿಗೆ ಯಾರೂ ಹೇಳಿಕೊಟ್ಟಿಲ್ಲ ಕಾಣುತ್ತದೆ. ಕೊನೆಗೆ ಪಕ್ಕದ ಮನೆಯ ಹುಡುಗಿ, ಶಿರಸಿಯಲ್ಲಿ ಬಿಎಸ್ಸಿ ಓದುವವಳು, ಜಗಲಿ ಮೇಲೆ ಕೂತು ಬಿಡಿಸಿ ಹೇಳಿದಳು.

ಅವಳು ಹೇಳಿದ್ದು ಇಷ್ಟು. ಶಿವಮೊಗ್ಗ ಜಿಲ್ಲೆಯಲ್ಲಿ 2014ರಿಂದ 2018ರವರೆಗೆ ಯಾರಿಗೆಲ್ಲ ಎಲ್ಲಿ ಈ ಜ್ವರ ಬಂತು ಅನ್ನುವುದನ್ನು ಕಂಪ್ಯೂಟರಿಗೆ ಕೊಟ್ಟರು. ಕಾಡು ಎಷ್ಟು, ಎಂಥ ಕಾಡು, ದನ ಎಷ್ಟು, ಜಾಗ ಎಷ್ಟು ಎತ್ತರದಲ್ಲಿದೆ, ಅದನ್ನೂ ಕೊಟ್ಟರು. ಹಸಿರು ಆರದ ಕಾಡು ಮತ್ತು ಪ್ಲಾಂಟೇಶನ್ ಒಂದರೊಳಗೊಂದು ಹೆಣೆದುಕೊಂಡಿರುವ ಕಡೆ, ನಾಟಿ ದನ ಜಾಸ್ತಿ ಇರುವ ಕಡೆ ಅಪಾಯ ಹೆಚ್ಚು ಅಂತ ಅದು ನಕ್ಷೆ ಮಾಡಿ ಹೇಳಿತು. ಎಲೆ ಉದುರುವ ಒಣ ಕಾಡು ಜಾಸ್ತಿ ಇರುವ ಕಡೆ ಅಪಾಯ ಕಡಿಮೆ. ಕೇಳುತ್ತಾ ಕೇಳುತ್ತಾ ನನಗೆ ನಮ್ಮ ಮನೆ ಹಿತ್ತಲನ್ನೇ ಯಾರೋ ವರ್ಣನೆ ಮಾಡಿದ ಹಾಗಾಯಿತು.

ನನ್ನ ಕಷ್ಟ ಮಗನಿಗೆ ಗೊತ್ತಿಲ್ಲ ಅಂತಲ್ಲ, ಮರೆತಿದ್ದಾನೆ. ಬೇಸಿಗೆಯಲ್ಲಿ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಬೇಕು. ಅದು ಕೊಟ್ಟಿಗೆಗೆ ಹೋಗಬೇಕು, ದನದ ಕಾಲಡಿ ಬಿದ್ದು ಗೊಬ್ಬರ ಆಗಬೇಕು, ಗೊಬ್ಬರ ತೋಟಕ್ಕೆ ಹೋಗಬೇಕು. ದನವೂ ಇಲ್ಲ, ಬೆಟ್ಟವೂ ಇಲ್ಲ ಅಂದರೆ ತೋಟ ಯಾವ ಲೆಕ್ಕದಲ್ಲಿ ಉಳಿಯುತ್ತದೆ? ನಮ್ಮ ಕಡೆ ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಿಟ್ಟಿದ್ದು ಸುಮ್ನೆ ಅಲ್ವಲ್ಲ.

ಹಾಗಂತ ಹೆದರಿಕೆ ಇಲ್ಲ ಅಂತಲೂ ಅಲ್ಲ. ಹೋದ ಜನವರಿಯಲ್ಲಿ ಹೆಡಿಗೆ ತುಂಬಾ ದರಕು ಹೊತ್ತು ಬಂದೆ. ಸ್ನಾನಕ್ಕೆ ಹೋದಾಗ ಮೊಣಕಾಲಿನ ಹಿಂದೆ ತುರಿಕೆ. ರಾಗಿ ಕಾಳಿನಷ್ಟು ಕಪ್ಪು ಚುಕ್ಕೆ. ಮಚ್ಚೆ ಇರಬೇಕು ಅಂದುಕೊಂಡೆ. ಉಗುರು ತಾಗಿಸಿದರೆ ಕಾಲು ಆಡಿಸಿತು! ಆಮೇಲೆ ಎಂಟು ದಿನ ದಿನಾ ಬೆಳಿಗ್ಗೆ ಹಣೆ ಮುಟ್ಟಿ ನೋಡಿಕೊಂಡಿದ್ದೇನೆ. ಜ್ವರ ಬರಲಿಲ್ಲ, ಬಚಾವು. ಮೊದಲು ನಾನು ಲಸಿಕೆ ಹಾಕಿಸಿಕೊಳ್ಳುತ್ತಿದ್ದೆ. ಈಗ ಅದೂ ಇಲ್ಲ.

ಹಾಗಾಗಿ ತಿಳಿದವರು ಹೇಳಿ. ಈ ನಕ್ಷೆ ಶಿವಮೊಗ್ಗದ್ದು, ನಮಗೆ ಅನ್ವಯ ಆಗುತ್ತದಾ? ಪ್ಲಾಂಟೇಶನ್ ಅಂದರೆ ನಮ್ಮ ಅಡಿಕೆ ತೋಟವೋ, ಅಕೇಶಿಯಾ ನೆಡುತೋಪೋ? ದನ ಮಾರಿದರೆ ನಿಜವಾಗಿ ಅಪಾಯ ಕಡಿಮೆ ಆಗುತ್ತದಾ?

---

ಅಂಕಿಸಂಖ್ಯೆ, ಊರು ಶಿರಸಿ, ಹೊಟ್ಟೆಪಾಡು ಬೆಂಗಳೂರು

ಅಕ್ಕಾ, ಮೊದಲಿಗೆ ನಿಮ್ಮ ಮಗನ ಪರವಾಗಿ ಕ್ಷಮೆ. ನಾವು ಕಂಪ್ಯೂಟರ್ ಕೆಲಸದವರು ಲೇಖನದ ಮೊದಲ ಪ್ಯಾರಾ ಓದಿ ಮನೆಯವರಿಗೆ ಬುದ್ಧಿ ಹೇಳುವುದರಲ್ಲಿ ಮುಂದು. ನಾನೂ ಅದನ್ನೇ ಮಾಡಿದ್ದೇನೆ.

ಆ ಲೇಖನ ನಾನು ಓದಿದ್ದೇನೆ. ಒಳ್ಳೆಯ ಕೆಲಸ. ನಮ್ಮವರು ಮತ್ತು ಬ್ರಿಟನ್ನಿನವರು ಸೇರಿ ಮಾಡಿದ್ದು. ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ವಿಷಯ. ರೋಗಿಯ ದಾಖಲೆಯಲ್ಲಿ ಸಾಮಾನ್ಯವಾಗಿ ಇರುವುದು ಮನೆ ವಿಳಾಸ. ಆದರೆ ಉಣುಗು ಕಚ್ಚಿದ್ದು ಮನೆಯಲ್ಲೋ, ಎರಡು ಮೈಲಿ ಆಚೆಯ ಬೆಟ್ಟದಲ್ಲೋ? ವಿಳಾಸವನ್ನೇ ಕಂಪ್ಯೂಟರಿಗೆ ಕೊಟ್ಟರೆ ಅದು ಪೇಟೆಯ ರಸ್ತೆಯಲ್ಲಿ ಉಣುಗು ಹುಡುಕುತ್ತದೆ. ಇವರು ಆರೋಗ್ಯ, ಅರಣ್ಯ, ಪಶು ಇಲಾಖೆಯ ಕಡೆಯವರನ್ನು ಮೊದಲಿನಿಂದಲೇ ಜೊತೆಗೆ ಕೂರಿಸಿಕೊಂಡರು. ಹಾಗಾಗಿ ಉಣುಗು ಹತ್ತಿದ ಜಾಗಕ್ಕೆ ಹತ್ತಿರದ ಮಾಹಿತಿ ಸಿಕ್ಕಿತು. ಆಮೇಲೆ ಪರೀಕ್ಷೆ: 2018ರವರೆಗಿನ ಲೆಕ್ಕ ಕಲಿತ ಯಂತ್ರಕ್ಕೆ 2019ರಲ್ಲಿ ಹೊಸದಾಗಿ ಕಾಯಿಲೆ ಎದ್ದ ಜಾಗಗಳನ್ನು ಹೇಳಲು ಬಂತು. ಸಾಗರದ ಅರಳಗೋಡಿನ ಕಡೆ ಆ ಸೀಸನ್‌ನಲ್ಲಿ ಈ ಕಾಯಿಲೆ ಹೇಗೆ ಎದ್ದಿತು ಅಂತ ನಿಮಗೇ ನೆನಪಿರುತ್ತದೆ.

ಈಗ ನಿಮ್ಮ ದನ. ನಕ್ಷೆ ಹೇಳುವುದು 'ನಾಟಿ ದನ ಜಾಸ್ತಿ ಇರುವ *ಜಾಗ*ದಲ್ಲಿ ಕೇಸು ಜಾಸ್ತಿ' ಅಂತ. 'ದನ ಸಾಕಿದ *ಮನೆ*ಗೆ ಜ್ವರ ಬರುತ್ತದೆ' ಅಂತ ಅಲ್ಲ. ಎರಡೂ ಒಂದೇ ಥರ ಕೇಳಿಸುತ್ತದೆ, ಆದರೆ ಒಂದೇ ಅಲ್ಲ. ಊರಲ್ಲಿ ಮುನ್ನೂರು ದನ ಬೆಟ್ಟ ಮೇಯುತ್ತಿರುವಾಗ ನೀವು ಎರಡು ಮಾರಿದರೆ ಬೆಟ್ಟದ ಉಣುಗಿಗೆ ಗೊತ್ತೂ ಆಗುವುದಿಲ್ಲ. ಇನ್ನೊಂದು ನನ್ನ ಊಹೆ, ಲೇಖನದ್ದಲ್ಲ: ಜರ್ಸಿಯನ್ನು ಕಟ್ಟಿ ಮೇಯಿಸುತ್ತೇವೆ, ಗಿಡ್ಡವನ್ನು ಬೆಟ್ಟಕ್ಕೆ ಬಿಡುತ್ತೇವೆ. 'ನಾಟಿ ದನ' ಅನ್ನುವ ಅಂಕಿ ಅರ್ಧದಷ್ಟು 'ಕಾಡಿನಲ್ಲಿ ಮೇಯುವ ದನ' ಅನ್ನುವುದನ್ನೇ ಹೇಳುತ್ತಿರಬಹುದು.

ಪ್ಲಾಂಟೇಶನ್ ಪದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮುಖ್ಯ ಮಾತು ಹೆಣಿಗೆ. ಕಾಡು ಮುಗಿದು ತೋಟ ಶುರುವಾಗುವ ಅಂಚುಗಳು ಎಷ್ಟು ಜಾಸ್ತಿಯೋ, ಮಂಗ, ಇಲಿ, ದನ, ಮನುಷ್ಯ ಒಂದೇ ಕಡೆ ಓಡಾಡುವುದು ಅಷ್ಟು ಜಾಸ್ತಿ. ಇದು ಹೊಸ ಮಾತೂ ಅಲ್ಲ. 1969ರಲ್ಲೇ ಬೊಶೆಲ್ ಅನ್ನುವ ವಿಜ್ಞಾನಿ ಕಾಡು ಕಡಿದದ್ದು, ದನ ಕಾಡಿನಂಚಿಗೆ ನುಗ್ಗಿದ್ದು, ಇವೆಲ್ಲ ಸೇರಿ ಕಾಯಿಲೆ ಎದ್ದಿತು ಅಂತ ಬರೆದಿದ್ದರು. ಕಂಪ್ಯೂಟರ್ ಅದಕ್ಕೆ ಈಗ ಅಂಕಿ ಕೊಟ್ಟಿದೆ.

ಸಿದ್ದಾಪುರಕ್ಕೆ ಅನ್ವಯ ಆಗುತ್ತದಾ? ಶಿವಮೊಗ್ಗದಲ್ಲಿ ಕಲಿತ ಯಂತ್ರವನ್ನು ನಮ್ಮ ಜಿಲ್ಲೆಗೆ ಹಾಗೇ ತಂದು ಕೂರಿಸಿದರೆ ನಾನು ಅನುಮಾನದಿಂದಲೇ ನೋಡುತ್ತೇನೆ. ಆದರೆ ಸೊರಬ, ಸಾಗರ ಮತ್ತು ನಿಮ್ಮ ತಾಲೂಕಿನ ನಡುವೆ ಇರುವುದು ಜಿಲ್ಲೆಯ ಗಡಿ ಮಾತ್ರ. ಕಾಡಿಗೆ ಅದು ಗೊತ್ತಿಲ್ಲವಲ್ಲ.

---

ನಿವೃತ್ತ ಆರೋಗ್ಯ ಸಹಾಯಕ

ತಂಗೀ, ಮೇಲಿನವರು ನಕ್ಷೆ ಹೇಳಿದರು. ನಾನು ಉಣುಗಿನ ವಿಷಯ ಹೇಳುತ್ತೇನೆ. ಬ್ಯಾಗಿನಲ್ಲಿ ಎಣ್ಣೆ ಬಾಟಲಿ ಇಟ್ಟುಕೊಂಡು ಮನೆ ಮನೆ ತಿರುಗಿದವ ನಾನು.

ಈ ಉಣುಗು ಒಂದೇ ಪ್ರಾಣಿಯ ಮೇಲೆ ಕೂತು ಜೀವನ ಮುಗಿಸುವುದಿಲ್ಲ. ಮರಿಯಾಗಿದ್ದಾಗ ಒಂದರ ರಕ್ತ ಕುಡಿದು ಉದುರುತ್ತದೆ, ನಡುಪ್ರಾಯದಲ್ಲಿ ಇನ್ನೊಂದರದ್ದು, ದೊಡ್ಡದಾದ ಮೇಲೆ ಮತ್ತೊಂದರದ್ದು. ಮರಿ ಮತ್ತು ನಡುಪ್ರಾಯದ್ದು ಇಲಿ, ಹಕ್ಕಿ, ಮಂಗದ ಮೇಲೆ ಹತ್ತುತ್ತವೆ. ಮನುಷ್ಯನಿಗೆ ಕಚ್ಚುವುದು ಹೆಚ್ಚಾಗಿ ನಡುಪ್ರಾಯದ್ದು. ಜನವರಿಯಿಂದ ಮೇವರೆಗೆ ಅದರ ಕಾಲ. ನೀನು ದರಕು ಗುಡಿಸುವ ಕಾಲವೂ ಅದೇ. ನಿನ್ನ ಮೊಣಕಾಲಿನ ಹಿಂದೆ ಇದ್ದದ್ದು ಅಂಥದ್ದೇ ಇರಬೇಕು. ದೊಡ್ಡದಕ್ಕೆ ದನ ಬೇಕು. ದನದ ರಕ್ತ ಕುಡಿದು ಉದುರಿದ ಒಂದೊಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ದನಕ್ಕೆ ಈ ಕಾಯಿಲೆ ಕಾಡುವುದಿಲ್ಲ, ಉಣುಗಿಗೆ ವೈರಸ್ ಕೊಡುವುದೂ ಅದಲ್ಲ. ಅದು ಉಣುಗಿಗೆ ಊಟ ಹಾಕುತ್ತದೆ ಅಷ್ಟೇ. ಹಾಗಾಗಿ ದನ ಮಾರುವುದಕ್ಕಿಂತ ದನದ ಮೈಮೇಲಿನ ಉಣುಗಿಗೆ ಪಶುವೈದ್ಯರಿಂದ ಔಷಧಿ ಹಾಕಿಸು. ಊರಿನವರೆಲ್ಲ ಒಟ್ಟಿಗೆ ಹಾಕಿಸಿದರೆ ಇನ್ನೂ ಒಳ್ಳೆಯದು.

ಮಂಗ ಹಾಗಲ್ಲ. ಮುಸಿಯ, ಕೆಂಪು ಮಂಗ ಎರಡಕ್ಕೂ ಈ ಜ್ವರ ಬಂದು ಸಾಯುತ್ತವೆ. ಸತ್ತ ಮಂಗದ ಮೈಯಿಂದ ಉಣುಗು ಇಳಿದು ಸುತ್ತ ಹರಡುತ್ತವೆ. ಅದಕ್ಕೇ ನಾವು ಸತ್ತ ಜಾಗದ ಸುತ್ತ ಐವತ್ತು ಅಡಿ ಮೆಲಾಥಿಯಾನ್ ಕೀಟನಾಶಕ ಹಾಕುತ್ತಿದ್ದೆವು. ಬೆಟ್ಟದಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡ, ಫೋಟೋ ತೆಗೆಯಲಿಕ್ಕೂ ಬೇಡ. ಆಶಾ ಕಾರ್ಯಕರ್ತೆಗೆ ಫೋನ್ ಮಾಡು.

ಲಸಿಕೆ ಮಾತು ಎತ್ತಿದೆಯಲ್ಲ. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್, ಮತ್ತೆ ವರ್ಷಾ ವರ್ಷ. ಚುಚ್ಚಿದ ಕೈ ನೋವಿಗೆ ಹೆದರಿ ಜನ ನನ್ನನ್ನು ದೂರದಿಂದ ನೋಡಿದರೆ ತೋಟಕ್ಕೆ ಇಳಿದುಬಿಡುತ್ತಿದ್ದರು! 2005ರಿಂದ 2010ರವರೆಗಿನ ಲೆಕ್ಕ ಹಾಕಿ 2013ರಲ್ಲಿ ಬಂದ ವರದಿಯಲ್ಲಿ ಎರಡು ಡೋಸಿನ ರಕ್ಷಣೆ ನೂರಕ್ಕೆ ಸುಮಾರು 62, ಬೂಸ್ಟರ್ ಸೇರಿದರೆ ಸುಮಾರು 83 ಅಂತ ಇತ್ತು. ಆಮೇಲೆ ಅದನ್ನು ನಿಲ್ಲಿಸಿದರು. ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಕಡೆಯಿಂದ ಹೊಸದರ ಕೆಲಸ ನಡೆದಿದೆ. ಅದು ಕೈಗೆ ಬರುವವರೆಗೆ ಎಣ್ಣೆ ಮತ್ತು ಬಟ್ಟೆಯೇ ಗತಿ.

ಬೆಟ್ಟಕ್ಕೆ ಹೋಗುವ ಮೊದಲು ಉಣುಗು ಹತ್ತದ ಹಾಗೆ ತಡೆಯುವ ಡೇಪಾ ಎಣ್ಣೆ ಹಚ್ಚು. ಮೊಣಕಾಲಿನ ಹಿಂದೆ, ಸೊಂಟದ ಸುತ್ತ ಮರೆಯಬೇಡ. ಬಂದ ಕೂಡಲೇ ಬಟ್ಟೆ ಹೊರಗೇ ಬಿಚ್ಚಿ ಬಿಸಿನೀರಿಗೆ ಹಾಕು, ಸೋಪು ಹಚ್ಚಿ ಸ್ನಾನ ಮಾಡು. ಹತ್ತಿದ ಉಣುಗನ್ನು ಉಗುರಿನಿಂದ ಹಿಚುಕಬೇಡ. ಚಿಮಟದಿಂದ ಚರ್ಮದ ಬುಡಕ್ಕೇ ಹಿಡಿದು ನೇರ ಎಳಿ.

ಇನ್ನೊಂದು ಮಾತು, ಇದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ನಮ್ಮ ಭಾಗದ ಒಬ್ಬ ಕೂಲಿ ಹೆಂಗಸಿಗೆ ಜ್ವರ ಬಂತು. ಪೇಟೆಯಲ್ಲಿ ಒಬ್ಬರು 'ವೈರಲ್ ಅಷ್ಟೇ' ಅಂತ ನೋವಿನ ಇಂಜೆಕ್ಷನ್ ಕೊಟ್ಟು ನಾಲ್ಕು ದಿನ ಕಳೆದರು. ಬೆಟ್ಟಕ್ಕೆ ಹೋಗಿದ್ದೆಯಾ ಅಂತ ಒಂದು ಮಾತು ಕೇಳಲಿಲ್ಲ. ಕಚ್ಚಿ ಮೂರರಿಂದ ಎಂಟು ದಿನದೊಳಗೆ ಒಮ್ಮೆಲೇ ಜ್ವರ, ತಲೆ ಸಿಡಿತ, ಮೈಕೈ ನೋವು ಬಂದರೆ ಅವರು ಕೇಳಲಿ ಬಿಡಲಿ, ನೀನೇ ಹೇಳು: "ನಾನು ಬೆಟ್ಟಕ್ಕೆ ಹೋಗುವವಳು, ರಕ್ತ ಪರೀಕ್ಷೆಗೆ ಕಳಿಸಿ." ಮೊದಲ ದಿನಗಳಲ್ಲಿ ಪಿಸಿಆರ್‌ನಲ್ಲಿ ವೈರಸ್ಸೇ ಸಿಗುತ್ತದೆ, ತಡವಾದರೆ ಬೇರೆ ಪರೀಕ್ಷೆ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನಿನ್ನಷ್ಟಕ್ಕೆ ನುಂಗಬೇಡ, ರಕ್ತಸ್ರಾವ ಆಗುವ ಕಾಯಿಲೆ ಇದು. ಜ್ವರ ಬಿಟ್ಟಿತು ಅಂತ ಮತ್ತೆ ಹೆಡಿಗೆ ಹೊರಬೇಡ. ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಬರುತ್ತದೆ, ಆಗ ತಲೆಗೇ ಏರುತ್ತದೆ. ಆ ಹೆಂಗಸು ಉಳಿದಳು. ಎದ್ದು ಓಡಾಡಲು ಮೂರು ತಿಂಗಳು ಹಿಡಿಯಿತು.

---

ಕಾಳಿ ದಂಡೆ, ಕಾರವಾರ

ನಾವು ಘಟ್ಟದ ಕೆಳಗಿನವರು. ಇದೆಲ್ಲ ಮೇಲಿನವರ ಕಾಯಿಲೆ ಅಂದುಕೊಂಡು ಮೀನು ತಿಂದು ಆರಾಮ ಇದ್ದೆವು. ಇಲ್ಲಿ ಉಣ್ಣಿ ನಾಯಿಗೆ ಮಾತ್ರ ಗೊತ್ತು. ನಾವೂ ಹೆದರಬೇಕಾ ಮಾರಾಯ್ರೆ?

---

ಅಂಕಿಸಂಖ್ಯೆ

ಹೆದರುವುದು ಬೇಡ, ಆದರೆ ಮೇಲಿನವರದ್ದು ಅಂತ ಬಿಡಲೂ ಬೇಡ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮೇಲೆ ಬಹಳ ವರ್ಷ ಇದು ನಮ್ಮ ಸುತ್ತಲಿನ ನಾಲ್ಕೈದು ಜಿಲ್ಲೆಯಲ್ಲೇ ಇತ್ತು. 2012ರಲ್ಲಿ ಬಂಡೀಪುರದ ಕಡೆ ಕಂಡಿತು, 2013ರಲ್ಲಿ ವಯನಾಡು, 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಸಿಂಧುದುರ್ಗ. ನಿಮ್ಮ ಕಾರವಾರದಿಂದ ಗೋವಾ ಎಷ್ಟು ದೂರ ಅಂತ ನಾನು ಹೇಳಬೇಕಾ? ಬೀಚಿನಲ್ಲಿ ಕೂತವರಿಗೆ ಏನೂ ಇಲ್ಲ. ಕದ್ರಾ, ಕೈಗಾ ಕಡೆ ಕಾಡಿಗೆ ಹೋಗುವವರು ಮೇಲಿನ ಹಿರಿಯರು ಹೇಳಿದ್ದನ್ನು ಒಮ್ಮೆ ಓದಲಿ.

---

ತೋಟದಮನೆ ಅಕ್ಕ

ಎಲ್ಲರಿಗೂ ಉಪಕಾರ ಆಯಿತು. ಸಹಾಯಕರೇ, ನೀವು ತಂಗಿ ಅಂದದ್ದು ನೋಡಿ ಯಜಮಾನರು "ಅರವತ್ತೆರಡರ ತಂಗಿ" ಅಂತ ನಕ್ಕರು.

ಮಗನಿಗೆ ಫೋನ್ ಮಾಡಿ, ಜಾಗ ಬೇರೆ ಮನೆ ಬೇರೆ ಅಂತ ಅವನದೇ ಭಾಷೆಯಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ "ಹೌದು, ಅದು ಸರಿ" ಅಂದ. ದನ ಮಾರುವ ಮಾತು ಅಲ್ಲಿಗೆ ನಿಂತಿತು. ಔಷಧಿಗೆ ಪಶು ಆಸ್ಪತ್ರೆಗೆ ಹೇಳಿದ್ದೇನೆ, ಅಕ್ಕಪಕ್ಕದ ನಾಲ್ಕು ಮನೆಯವರೂ ಸೇರಿದ್ದಾರೆ. ಬಚ್ಚಲಿನ ಹೊರಗೆ ಒಂದು ಗಳ ಕಟ್ಟಿಸಿದೆ, ಬೆಟ್ಟದ ಬಟ್ಟೆ ಇನ್ನು ಒಳಗೆ ಬರುವುದಿಲ್ಲ.

ಎಣ್ಣೆ ಹಚ್ಚಿದರೂ ಸೀರೆ ಉಟ್ಟು ಬೆಟ್ಟಕ್ಕೆ ಹೋಗಬೇಡ, ಎರಡು ದಪ್ಪ ಪ್ಯಾಂಟ್ ಕಳಿಸುತ್ತೇನೆ, ಸೊಂಟದ ಅಳತೆ ಹೇಳು ಅಂತ ಮಗ ಹಠ ಹಿಡಿದಿದ್ದಾನೆ. ಸದ್ಯ ಯಜಮಾನರ ಅಳತೆ ಹೇಳಿದ್ದೇನೆ.